ಗಾಳಿಗೆ ಕತ್ತರಿ, ಬಲೂನಿಗೆ ಕ್ಷೌರ

ಮನೆಯಲ್ಲಿ ನಾಲ್ಕು ವರ್ಷದ ಮಗುವಿದ್ದರೆ ಸಾಕು, ಬಂದವರು ಹೋದವರೆಲ್ಲ ಕೇಳುವುದು ಒಂದೇ ಮಾತು. ಎಷ್ಟರವರೆಗೆ ಬರೀತಾಳೆ? ಮಗು ಹೊಟ್ಟೆ ತುಂಬ ಉಂಡಿತೇ, ನಗುನಗುತ್ತಾ ಇದೆಯೇ ಎಂದು ಕೇಳುವವರು ಕಡಿಮೆ. ಕ್ಷೌರದಂಗಡಿಯ ಕನ್ನಡಿಮಾವನ ಕಿವಿಗೂ ಈ ಮಾತು ದಿನಕ್ಕೆ ಮೂರು ನಾಲ್ಕು ಸಲ ಬೀಳುತ್ತಿತ್ತು.

ಅವನ ಅಂಗಡಿಯ ಎರಡು ಗೋಡೆಗಳಿಗೂ ಎದುರುಬದುರಾಗಿ ಕನ್ನಡಿ. ಕುರ್ಚಿಯಲ್ಲಿ ಕೂತವರಿಗೆ ತಮ್ಮ ಹಿಂದೆ ತಾವೇ, ಅದರ ಹಿಂದೆ ಮತ್ತೆ ತಾವೇ, ಕಣ್ಣು ಹೋಗುವಷ್ಟು ದೂರ ಕಾಣುತ್ತಿದ್ದರು. ಆ ಹೆಸರು ಬಂದದ್ದು ಹಾಗೆ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫ್ಯಾನು ತೂಕಡಿಸುತ್ತಾ ತಿರುಗುತ್ತಿತ್ತು. ಬಾಗಿಲ ಬಿಸಿಲು ನೆಲದ ಮೇಲೆ ಇಷ್ಟಿಷ್ಟೇ ಸರಿಯುತ್ತಿತ್ತು. ಕತ್ತರಿಸಿದ ಕೂದಲು ಸಣ್ಣ ಸಣ್ಣ ಮೋಡಗಳಂತೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸದ್ದಿಲ್ಲದೆ ಉರುಳುತ್ತಿತ್ತು. ಅವನ ನಾಲ್ಕು ವರ್ಷದ ಮಗಳು ಮಕ್ಕಳ ಮನೆಯಿಂದ ಬರುತ್ತಿದ್ದುದು ಆ ಹೊತ್ತಿಗೇ.

ಅವಳನ್ನು ಎಲ್ಲರೂ ಇರುವೆ ಎನ್ನುತ್ತಿದ್ದರು. ಬರಿಗೈಯಲ್ಲಿ ಬಂದವಳೇ ಅಲ್ಲ. ಮುಷ್ಟಿಯಲ್ಲಿ ಒಂದು ಎಲೆ, ಒಂದು ಬಾಟಲಿ ಮುಚ್ಚಳ, ಯಾವುದೋ ಹಕ್ಕಿಯ ಗರಿ, ಏನಾದರೊಂದು ಹೊತ್ತುಕೊಂಡೇ ಬರುವಳು. ಬಂದು ಎತ್ತರದ ಕುರ್ಚಿ ಹತ್ತಿ ಕೂತು, ಅಂದಿನ ಕಥೆ ಶುರು ಮಾಡುವಳು.

ಮಕ್ಕಳ ಮನೆ ಎಂದರೆ ಎರಡು ಬೀದಿಯಾಚೆ, ದೊಡ್ಡ ಶಾಲೆಗೆ ಸೇರುವ ಮುಂಚೆ ಪುಟ್ಟ ಮಕ್ಕಳು ಹೋಗುವ ಜಾಗ. ಅಲ್ಲಿ ವಾರಕ್ಕೊಂದು ವಿಷಯ. ನೀರಿನ ವಾರದಲ್ಲಿ ತೊಟ್ಟಿಗೆ ಚಮಚ, ಎಲೆ, ಕಲ್ಲು, ಬೆಂಡು ಹಾಕಿ ಯಾವುದು ಮುಳುಗಿತು, ಯಾವುದು ತೇಲಿತು ಎಂದು ನೋಡಿದ್ದರು. ಬೀಜದ ವಾರದಲ್ಲಿ ಒದ್ದೆ ಹತ್ತಿಯೊಳಗೆ ಕಾಳು ಮಲಗಿಸಿ, ದಿನವೂ ಎಬ್ಬಿಸಲು ಹೋಗಿದ್ದರು. ನೆರಳಿನ ವಾರದಲ್ಲಿ ಅಂಗಳದಲ್ಲಿ ನಿಂತು ಒಬ್ಬರ ನೆರಳಿಗೆ ಇನ್ನೊಬ್ಬರು ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಮನೆಗೆ ಹೊರಡುವ ಮುಂಚೆ ಅಲ್ಲೇ ನಿಂತು ನೋಡಿದರೆ ನೆರಳು ಬೇರೆ ಕಡೆ ಹೋಗಿ, ಗೆರೆ ಮಾತ್ರ ಅಲ್ಲೇ ಉಳಿದಿತ್ತಂತೆ. ಅದನ್ನು ಹೇಳುವಾಗ ಇರುವೆಯ ಕಣ್ಣು ಇಷ್ಟಗಲವಾಗಿತ್ತು.

ಕನ್ನಡಿಮಾವ ಎಲ್ಲ ಕೇಳಿ, ಕೊನೆಗೆ ಚೀಲ ಬಿಚ್ಚಿ ನೋಡುವನು. ಪುಸ್ತಕವಿಲ್ಲ. ಬಾಲ ಒದ್ದೆಯಾದ ಕಾಗದದ ಮೀನೊಂದಿದೆ. ಅವನಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಅವನ ಗಿರಾಕಿಗಳಲ್ಲಿ ಗಡಿಯಾರ ರಿಪೇರಿಯ ಅಜ್ಜ ಒಬ್ಬರು. ವಾರಕ್ಕೊಮ್ಮೆ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು, ನೊರೆಯ ನಡುವಿನಿಂದಲೇ ಮೊಮ್ಮಗನ ಗುಣಗಾನ ಮಾಡುವರು. ಮೊಮ್ಮಗ ನೂರರವರೆಗೆ ಬರೆಯುತ್ತಾನೆ. ಅದೂ ಒಂದೇ ಉಸಿರಿಗೆ.

"ನಿನ್ನ ಮಗಳು ಇನ್ನೂ ಕಾಗದ ಹರೀತಾ ಕೂತಿದಾಳಾ?" ಎಂದು ಅವರು ಒಂದು ದಿನ ಕೇಳಿದರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನಪ್ಪಾ?"

ಕನ್ನಡಿಮಾವ ಕೈಯಲ್ಲಿದ್ದ ಕತ್ತಿಯನ್ನು ಅವರ ಕೆನ್ನೆಯ ಮೇಲೆ ಎಳೆದ. ಆ ಮಾತು ಮಾತ್ರ ಒಳಗೆ ಇಳಿದು ಕೂತಿತು. ಅಜ್ಜನ ಮೊಮ್ಮಗ ಹೋಗುವ ಶಾಲೆಯಲ್ಲಿ ವಿಚಾರಿಸಿದ. ಒಂದರಿಂದ ಐವತ್ತು ಬರೆಯಬಲ್ಲ ಮಗುವಿಗೆ ಜಾಗವಿದೆ, ಮೂರು ವಾರ ಬಿಟ್ಟು ಸೋಮವಾರ ಪರೀಕ್ಷೆ ಎಂದರು. ಅಂದೇ ಸಂಜೆ ಅವನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಂದ ಬಾಚಣಿಗೆ, ಬ್ರಷ್ಷು ಸರಿಸಿ ಒಂದು ಪುಸ್ತಕ ಇಟ್ಟ.

ಇರುವೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು, ಕೊಡೆ ಹಿಡಿದಂತೆ. ಅಪ್ಪ ಅವಳ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಎಳೆದು ಎಳೆದು ಬರೆಸಿದ. ಎರಡು ಬರೆಯುವಷ್ಟರಲ್ಲಿ ಅವಳಿಗೆ ಬೆವರು. ನಾಲ್ಕು ಬರೆಯುವಷ್ಟರಲ್ಲಿ ಪೆನ್ಸಿಲಿನ ಮೊನೆ ಮುರಿದು ಹೋಗಿರುತ್ತಿತ್ತು. ಮೊದಲ ವಾರ ಅತ್ತಳು. ಎರಡನೇ ವಾರ ಅಳಲಿಲ್ಲ. ಅಂಗಡಿಗೆ ಬಂದವಳೇ ಬಲಗೈಯನ್ನು ತೊಡೆಯಡಿ ಹಾಕಿಕೊಂಡು ಅದರ ಮೇಲೆ ಕೂತುಬಿಡುವಳು. ಕನ್ನಡಿಯೊಳಗೆ ಸಾಲು ಸಾಲು ಇರುವೆಗಳು, ದೂರ ದೂರಕ್ಕೆ, ಎಲ್ಲರೂ ಬಲಗೈ ಬಚ್ಚಿಟ್ಟುಕೊಂಡು ಸುಮ್ಮನೆ ಕೂತವರು.

ಮೂರನೇ ವಾರ, ಗುರುವಾರ, ಅವಳು ಬರಿಗೈಯಲ್ಲಿ ಬಂದಳು. ಎಲೆಯಿಲ್ಲ, ಗರಿಯಿಲ್ಲ, ಕಥೆಯೂ ಇಲ್ಲ.

ಅವನ ಹೆಂಡತಿ ಬೇಕರಿಯಲ್ಲಿ ಹಿಟ್ಟು ನಾದುವವಳು. ಮಾತು ಕಡಿಮೆ, ಕಣ್ಣು ಚುರುಕು. ಅಂದು ಕೆಲಸದಿಂದ ಬಂದು ಮಗಳ ಕೈ ತೊಳೆಯಲು ಹೋದಾಗ ಮಗು ಬಲಗೈ ಕೊಡಲಿಲ್ಲ. ಎಡಗೈ ಮಾತ್ರ ಚಾಚಿತು.

"ಐವತ್ತು ಬರಲಿ, ಬೇಡ ಅನ್ನಲ್ಲ," ಎಂದಳು ಅವಳು ಗಂಡನಿಗೆ. "ಆದರೆ ಐವತ್ತು ಬರೋದರೊಳಗೆ ಒಂದು ಕೈ ಹೋಗ್ತಾ ಇದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ."

ಅವನು ರೇಗಿದ. ಹಠದ ಮಗು, ಆ ಮಕ್ಕಳ ಮನೆಯವರೇ ಆಟ ಆಡಿಸಿ ಕೆಡಿಸಿದ್ದಾರೆ ಎಂದ. ನಾಳೆಯೇ ಹೋಗಿ ಹೆಸರು ತೆಗೆಸಿಬಿಡುತ್ತೇನೆ, ಸೋಮವಾರದ ತನಕ ಅಂಗಡಿಯಲ್ಲೇ ಕೂರಿಸಿ ಬರೆಸುತ್ತೇನೆ ಎಂದ.

ಶುಕ್ರವಾರ ಬೆಳಿಗ್ಗೆ ಅವನು ಮಕ್ಕಳ ಮನೆಯ ಬಾಗಿಲಲ್ಲಿ ನಿಂತಾಗ, ಒಳಗೆ ಗಾಳಿಯ ವಾರ ನಡೆದಿತ್ತು. ಸೂರಿನಿಂದ ಇಳಿಬಿಟ್ಟ ಕಾಗದದ ಪಟ್ಟಿಗಳು ಕಿಟಕಿಯ ಗಾಳಿಗೆ ನೀರೊಳಗಿನ ಹುಲ್ಲಿನಂತೆ ಓಲಾಡುತ್ತಿದ್ದವು. ಒಂದು ಮಗು ಗರಿಯನ್ನು ಊದಿ ಊದಿ ಮೇಜಿನ ಈ ತುದಿಯಿಂದ ಆ ತುದಿಗೆ ಕರೆದೊಯ್ಯುತ್ತಿತ್ತು. ಇರುವೆ ಮೂಲೆಯಲ್ಲಿ ಕೂತು ಪಟ್ಟಿಗಳನ್ನೇ ನೋಡುತ್ತಿದ್ದಳು, ಬಲಗೈಯ ಮೇಲೆ ಕೂತು.

ಟೀಚರಮ್ಮ ಬಂದರು. ವಯಸ್ಸಾದವರು, ಸೆರಗಿನ ತುಂಬ ಅಂಟಿನ ಕಲೆ. ಅವನು ಬಂದ ಕೆಲಸ ಹೇಳಿದ. ಅವರು ವಾದ ಮಾಡಲಿಲ್ಲ. ಹೆಸರು ತೆಗೆಯುವ ಪುಸ್ತಕ ತರುತ್ತೇನೆ, ಈ ಆಟ ಮುಗಿಯುವ ತನಕ ಕೂತಿರಿ ಎಂದು ಒಂದು ಗೇಣೆತ್ತರದ ಕುರ್ಚಿ ತೋರಿಸಿದರು. ಅವನು ಮಂಡಿ ಎದೆಗೆ ತಾಗಿಸಿಕೊಂಡು ಕೂತ.

ಟೀಚರಮ್ಮ ಮಕ್ಕಳಿಗೆ ಮೊಂಡು ತುದಿಯ ಸಣ್ಣ ಕತ್ತರಿಗಳನ್ನು ಹಂಚಿದರು. ಕಾಗದ ಕೊಡಲಿಲ್ಲ.

"ಮೊದಲು ಗಾಳೀನ ಕತ್ತರಿಸಿ," ಎಂದರು. "ಕತ್ತರಿ ಬಾಯಿ ತೆಗೆ, ಬಾಯಿ ಮುಚ್ಚು. ನಿಧಾನ. ಗಾಳಿಗೆ ನೋವಾಗಲ್ಲ."

ಹತ್ತು ಹನ್ನೆರಡು ಕತ್ತರಿಗಳು ಬರಿಗಾಳಿಯಲ್ಲಿ ಕಿಟಕಿಟ ಎಂದವು. ಆ ಸದ್ದು ಕನ್ನಡಿಮಾವನ ಕಿವಿಗೆ ಬಿದ್ದದ್ದೇ ತಡ, ಅವನು ಅಲ್ಲಿರಲಿಲ್ಲ. ಹದಿನೈದು ವರ್ಷದವನಾಗಿ ಸೋದರಮಾವನ ಅಂಗಡಿಯಲ್ಲಿ ನಿಂತಿದ್ದ. ಎಡಗೈಲಿ ಬಾಚಣಿಗೆ, ಬಲಗೈಲಿ ಕತ್ತರಿ, ಮುಂದೆ ಯಾರ ತಲೆಯೂ ಇಲ್ಲ. ಮೂರು ತಿಂಗಳು ಮಾವ ಅವನನ್ನು ಬರೀ ಗಾಳಿ ಕತ್ತರಿಸಲು ಹಚ್ಚಿದ್ದ. ಆಮೇಲೆ ಬಲೂನು ಊದಿ, ಸೋಪಿನ ನೊರೆ ಹಚ್ಚಿ, ಒಡೆಯದಂತೆ ಬೋಳಿಸು ಎಂದಿದ್ದ. ಎಷ್ಟು ಬಲೂನು ಒಡೆದಿದ್ದವೋ. ಒಡೆದಾಗಲೆಲ್ಲ ಮಾವ ನಕ್ಕು, 'ಗಿರಾಕಿ ಸತ್ತ, ಇನ್ನೊಬ್ಬನನ್ನು ಕರಿ' ಎನ್ನುತ್ತಿದ್ದ.

ಪಕ್ಕದ ಮಗುವೊಂದು ಕತ್ತರಿಯನ್ನು ತಲೆಕೆಳಗಾಗಿ ಹಿಡಿದಿತ್ತು. ಕನ್ನಡಿಮಾವನಿಗೆ ತಡೆಯಲಾಗಲಿಲ್ಲ. ಕುರ್ಚಿ ಬಿಟ್ಟು ನೆಲಕ್ಕಿಳಿದು, ಹೆಬ್ಬೆರಳು ಮೇಲಿನ ಕಣ್ಣಿಗೆ, ಮಿಕ್ಕವು ಕೆಳಗಿನ ಕಣ್ಣಿಗೆ ಎಂದು ತೋರಿಸಿಕೊಟ್ಟ. ಇನ್ನೊಂದು ಮಗು ತನಗೂ ಎಂದಿತು. ಮತ್ತೊಂದು ಅವನ ಬೆನ್ನಿಗೇ ಒರಗಿತು. ಇವರು ಕತ್ತರಿ ಮಾವ ಎಂದು ಯಾರೋ ಹೆಸರಿಟ್ಟೂ ಆಯಿತು.

ಆಟ ಮುಗಿದ ಮೇಲೆ ಟೀಚರಮ್ಮ ಹೆಸರಿನ ಪುಸ್ತಕ ತಂದರು. ತೆರೆಯಲಿಲ್ಲ. ಈ ಕೆಲಸ ಯಾರಿಂದ ಕಲಿತಿರಿ ಎಂದು ಕೇಳಿದರು. ಅವನು ಮಾವನ ಕಥೆ ಹೇಳಿದ.

"ಮೊದಲ ದಿನವೇ ನಿಮ್ಮ ಮಾವ ಗಿರಾಕಿ ಕೆನ್ನೆಗೆ ಕತ್ತಿ ಇಡೋಕೆ ಯಾಕೆ ಬಿಡಲಿಲ್ಲ?"

ಅವನು ನಕ್ಕ. "ಬಿಟ್ಟಿದ್ರೆ ಬೀದಿಗೆಲ್ಲ ಬ್ಯಾಂಡೇಜು ಕಟ್ಟಬೇಕಿತ್ತು ಟೀಚರಮ್ಮ. ಕೈಗೆ ಹದ ಬರಬೇಕಲ್ಲ ಮೊದಲು."

ಅಷ್ಟು ಹೇಳುವಷ್ಟರಲ್ಲಿ ಅವನ ನಗು ಅಲ್ಲೇ ನಿಂತಿತು. ಮೂಲೆಯಲ್ಲಿದ್ದ ಮಗಳನ್ನು ನೋಡಿದ. ಅವಳು ಇನ್ನೂ ಬಲಗೈಯ ಮೇಲೆಯೇ ಕೂತಿದ್ದಳು.

"ನಾನು ಇವಳಿಗೆ ಮೊದಲ ದಿನವೇ ಕತ್ತಿ ಕೊಟ್ಟುಬಿಟ್ಟೆ," ಎಂದ.

ಟೀಚರಮ್ಮ ಪುಸ್ತಕ ಕೆಳಗಿಟ್ಟರು. ಅವನನ್ನು ಕೋಣೆಯೊಳಗೆ ಸುತ್ತಾಡಿಸಿದರು. ಕಾಗದ ಹರಿಯುವುದು, ಮಣ್ಣು ಕಲಸುವುದು, ದಾರಕ್ಕೆ ಮಣಿ ಪೋಣಿಸುವುದು, ಬಟ್ಟೆ ಕ್ಲಿಪ್ಪನ್ನು ಒತ್ತಿ ಹಗ್ಗಕ್ಕೆ ಸಿಕ್ಕಿಸುವುದು, ಇವೆಲ್ಲ ಪೆನ್ಸಿಲು ಹಿಡಿಯುವ ಬೆರಳುಗಳಿಗೆ ಕಸುವು ತುಂಬುವ ಕೆಲಸಗಳೇ ಎಂದರು. ಹಗ್ಗಕ್ಕೆ ಏಳು ಕ್ಲಿಪ್ಪು ಸಿಕ್ಕಿಸಿದ ಮಗುವಿಗೆ ಏಳು ಎಂದರೆ ಎಷ್ಟು ಎಂದು ಬೆರಳಿಗೇ ಗೊತ್ತಾಗುತ್ತದೆ, ಬರೆಯುವುದು ಆಮೇಲೆ ಬರುತ್ತದೆ. ವಾರಕ್ಕೊಂದೇ ವಿಷಯ ಯಾಕೆಂದರೆ, ಮಗು ಅದನ್ನೇ ಮುಟ್ಟಿ, ಅದನ್ನೇ ಮಾಡಿ, ಅದರ ಬಗ್ಗೆಯೇ ಮಾತಾಡುತ್ತಾ ಇದ್ದರೆ ಒಂದಕ್ಕೊಂದು ಕೊಂಡಿ ಬೀಳುತ್ತದೆ. ಗಾಳಿ ಎಂಬ ಮಾತು ಗೊತ್ತಿದ್ದರೆ ಸಾಲದು, ಅದು ಏನನ್ನು ತಳ್ಳುತ್ತದೆ, ಏನನ್ನು ತಳ್ಳಲಾರದು ಎಂಬುದೂ ಗೊತ್ತಾಗಬೇಕು.

"ಹಾಗಾದ್ರೆ ಇವಳು ಬರೆಯೋದು ಯಾವಾಗ?" ಎಂದು ಅವನು ಕೇಳಿದ. ಅನುಮಾನ ಪೂರ್ತಿ ಹೋಗಿರಲಿಲ್ಲ.

"ಕೈ ಕೇಳಿದಾಗ. ಕೆಲವರಿಗೆ ಬೇಗ, ಕೆಲವರಿಗೆ ತಡ. ಈಗ ಬಚ್ಚಿಟ್ಟಿರೋ ಕೈ ಈಚೆ ಬರಲಿ ಮೊದಲು. ಅದನ್ನ ನಾನೊಬ್ಬಳೇ ಮಾಡೋಕಾಗಲ್ಲ. ಹೋಗಿದ್ದು ನಿಮ್ಮ ಅಂಗಡೀಲಿ, ಬರಬೇಕಾದ್ದೂ ಅಲ್ಲೇ."

ಅವನು ಹೆಸರು ತೆಗೆಸದೆ ಮನೆಗೆ ಬಂದ.

ಶನಿವಾರ ಹೆಂಡತಿ ಬೇಕರಿಯಿಂದ ಒಂದು ಉಂಡೆ ಹಿಟ್ಟು ತಂದು ಮಗಳ ಮುಂದಿಟ್ಟಳು, ತಾನೊಂದು ಉಂಡೆ ಹಿಡಿದು ಸುಮ್ಮನೆ ನಾದತೊಡಗಿದಳು. ಇರುವೆ ಎಡಗೈಲಿ ಚಿವುಟಿದಳು. ಬಲಗೈ ಬರಲಿಲ್ಲ. ಅಮ್ಮ ನಾದುತ್ತಲೇ ಇದ್ದಳು.

ಭಾನುವಾರ ಮಧ್ಯಾಹ್ನ ಅಂಗಡಿಗೆ ರಜೆ. ಕನ್ನಡಿಮಾವ ಮಗಳನ್ನು ಕರೆತಂದು ಕುರ್ಚಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ಅರ್ಧ ಎಳೆದು, ಬರೆಸುವ ಪುಸ್ತಕವನ್ನು ಎತ್ತಿ ಗೂಡಿಗೆ ಹಾಕಿದ. ಬಿಳಿ ಬಲೂನೊಂದನ್ನು ತಾನೇ ಊದಿ, ಗಂಟು ಹಾಕಿ, ಎತ್ತರದ ಕುರ್ಚಿಯ ತಲೆದಿಂಬಿಗೆ ಕಟ್ಟಿದ. ಗಿರಾಕಿಗೆ ಹೊದಿಸುವಂತೆ ಅದರ ಕೊರಳಿಗೆ ಬಟ್ಟೆ ಹೊದಿಸಿದ. ಬ್ರಷ್ಷಿನಿಂದ ನೊರೆ ಎಬ್ಬಿಸಿ ದಪ್ಪಗೆ ಬಳಿದ. ಕತ್ತಿಯ ಬದಲು ಐಸ್‌ಕ್ರೀಮಿನ ಮರದ ಕಡ್ಡಿ ತೆಗೆದುಕೊಂಡು ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆದ.

"ಈ ಯಜಮಾನರಿಗೆ ಅವಸರ ಇದೆಯಂತೆ," ಎಂದ ಮಗಳಿಗೆ. "ಆ ಕಡೆ ಕೆನ್ನೆ ಯಾರಾದ್ರೂ ನೋಡ್ಕೊಂಡ್ರೆ ಆಗ್ತಿತ್ತು."

ಇರುವೆ ಬಲೂನನ್ನು ನೋಡಿದಳು. ಅಪ್ಪನನ್ನು ನೋಡಿದಳು. ಎಡಗೈಲಿ ಕಡ್ಡಿ ತೆಗೆದುಕೊಂಡಳು. ಬಲೂನು ತೂಗಾಡಿ ಜಾರಿತು. ಅದನ್ನು ಹಿಡಿದು ನಿಲ್ಲಿಸಲು ಇನ್ನೊಂದು ಕೈ ಬೇಕಿತ್ತು. ತೊಡೆಯಡಿಯಿಂದ ಬಲಗೈ ಮೆಲ್ಲಗೆ ಈಚೆ ಬಂದು ಬಲೂನನ್ನು ಮುಟ್ಟಿತು. ಸ್ವಲ್ಪ ಹೊತ್ತಿಗೆ ಕಡ್ಡಿಯೂ ತಾನಾಗಿ ಆ ಕೈಗೆ ಬಂತು. ಮುಷ್ಟಿಯಲ್ಲಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು.

ಮೇಲಿಂದ ಕೆಳಕ್ಕೆ ಗೆರೆ. ಪಕ್ಕದಲ್ಲಿ ಇನ್ನೊಂದು ಗೆರೆ. ಆಮೇಲೊಂದು ಸೊನ್ನೆ, ದುಂಡಗೆ, ನೊರೆಯ ನಡುವೆ ಕಿಟಕಿ ತೆರೆದಂತೆ. ಅವಳು ತನ್ನಷ್ಟಕ್ಕೆ ಗುನುಗತೊಡಗಿದಳು. ಬಾಗಿಲ ಸಂದಿಯಿಂದ ಬಂದ ಬಿಸಿಲಿಗೆ ನೊರೆಯ ಗುಳ್ಳೆಗಳು ಮಿನುಗಿದವು. ಎರಡು ಗೋಡೆಯ ಕನ್ನಡಿಗಳೊಳಗೆ ಸಾಲು ಸಾಲು ಇರುವೆಗಳು, ದೂರ ದೂರಕ್ಕೆ, ಪ್ರತಿಯೊಬ್ಬಳ ಮುಂದೆಯೂ ಒಂದೊಂದು ಬಿಳಿ ಚಂದ್ರ, ಎಲ್ಲರೂ ಬಲಗೈಯಲ್ಲಿ ಚಂದ್ರನ ಗಡ್ಡ ಬೋಳಿಸುತ್ತಿದ್ದರು. ಕನ್ನಡಿಮಾವ ಉಸಿರು ಬಿಗಿಹಿಡಿದು ನಿಂತಿದ್ದ. ಬಲೂನು ಒಡೆಯಲಿಲ್ಲ.

ಸೋಮವಾರದ ಪರೀಕ್ಷೆಗೆ ಅವರು ಹೋಗಲಿಲ್ಲ. ಆ ವಾರ ಗಡಿಯಾರದ ಅಜ್ಜ ಸುದ್ದಿ ಕೇಳಿ ಬಂದು ಕುರ್ಚಿಯಲ್ಲಿ ಕೂತು, ಬಲೂನು ಬೋಳಿಸಿ ಯಾರಪ್ಪ ದೊಡ್ಡವರಾದರು ಎಂದು ಕೆಣಕಿದರು. ಕನ್ನಡಿಮಾವ ಸಿಟ್ಟಾಗಲಿಲ್ಲ. ನಿಮ್ಮ ಹತ್ತಿರ ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಏನು ಕೊಡುತ್ತಿದ್ದಿರಿ ಎಂದು ಮಾತ್ರ ಕೇಳಿದ.

ಅಜ್ಜ ನೊರೆಯೊಳಗಿಂದಲೇ ಕನ್ನಡಿಯತ್ತ ನೋಡಿದರು. "ಕೆಟ್ಟ ಗಡಿಯಾರ," ಎಂದರು. "ಬಿಚ್ಚಿ ಜೋಡಿಸೋಕೆ." ಆಮೇಲೆ, "ಒಂದು ಹಳೇ ಅಲಾರಾಂ ಬಿದ್ದಿದೆ ಮನೇಲಿ. ನಮ್ಮ ಹುಡುಗನ ಕೈಗೆ ಕೊಟ್ಟು ನೋಡ್ತೀನಿ," ಎಂದು ಕಣ್ಣು ಮುಚ್ಚಿಕೊಂಡರು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಒಂದು ಪುಟ್ಟ ಕೈ ಇರಬಹುದು. ಅದಕ್ಕೆ ಅವಸರ ಮಾಡಬೇಡಿ, ಕೆಲಸ ಕೊಡಿ. ಈ ವಾರಕ್ಕೊಂದು ವಿಷಯ ಆರಿಸಿಕೊಳ್ಳಿ: ನೀರೋ, ಎಲೆಯೋ, ನೆರಳೋ. ದುಬಾರಿ ಆಟಿಕೆ ಬೇಡ. ಹಳೇ ಪೇಪರು, ಒಂದು ಉಂಡೆ ಹಿಟ್ಟು, ನಾಲ್ಕು ಬಟ್ಟೆ ಕ್ಲಿಪ್ಪು ಸಾಕು. ಬಾಯಿಗೆ ಹೋಗುವ ಸಣ್ಣ ಸಾಮಾನಿದ್ದರೆ, ಕತ್ತರಿಯಿದ್ದರೆ, ಪಕ್ಕದಲ್ಲೇ ಕೂತಿರಿ. ಬಲೂನನ್ನು ನೀವೇ ಊದಿ, ಒಡೆದರೆ ಚೂರುಗಳನ್ನು ಆಗಲೇ ಎತ್ತಿಬಿಡಿ. ಮಾಡುತ್ತಾ ಮಗುವಿನ ಜೊತೆ ಮಾತಾಡಿ, ಅದು ಹೇಳುವುದನ್ನು ಕೇಳಿ. ಹತ್ತಿರದಲ್ಲಿ ಮಕ್ಕಳ ಮನೆಯಿದ್ದರೆ ಒಂದು ದಿನ ಹೋಗಿ, ಆ ಗೇಣೆತ್ತರದ ಕುರ್ಚಿಯಲ್ಲಿ ಕೂತು ನೋಡಿ ಬನ್ನಿ.

ಇವತ್ತು ನಿಮ್ಮ ಮಗು ಮನೆಗೆ ಬಂದಾಗ ಎಷ್ಟು ಬರೆದೆ ಎಂದು ಕೇಳಬೇಡಿ. ಮುಷ್ಟಿಯಲ್ಲೇನಿದೆ, ತೋರಿಸು ಎನ್ನಿ.