ಲಾನಮ್ಮನ ಮಡಿಲಕ್ಕಿ

ಆವತ್ತು ಲಾನಮ್ಮ ಎದ್ದಿದ್ದೇ ಒಂಬತ್ತು ಗಂಟೆಗೆ. ದಿನಾ ಆರೂವರೆಗೆ ಕಂಪನಿ ಬಸ್ಸು ಹಿಡಿಯೋ ಹೆಂಗಸು, ಭಾನುವಾರವಾದರೂ ಬಕೀಟು ಪೊರಕೆ ಬಿಡದ ಹೆಂಗಸು, ತಲೆಗೆ ನೀರು ಹಾಕಿಕೊಂಡು, ನೈಟಿ ಮೇಲೊಂದು ಟವೆಲ್ ಹೊದ್ದು, ಜಗಲಿಗೆ ಬಂದು ಕಾಲು ಚಾಚಿ ಕೂತುಬಿಟ್ಟಳು. ಕೂರಲಿ ಬಿಡಿ. ಸೂಳಗಿರಿಯಲ್ಲಿ ಅವಳಿಗೆ ಅದೇ ಕೊನೇ ರಜೆ. ಸೋಮವಾರ ಒಂದು ದಿನ ಕೆಲಸ, ಮಂಗಳವಾರ ವಿಮಾನ, ಆಮೇಲೆ ಅವಳ ವಿಯೆಟ್ನಾಮು, ಅವಳ ಗಂಡ, ಅವಳ ಎಂಟು ವರ್ಷದ ಮಗಳು.

ಕಾಗದದಲ್ಲಿ ಅವಳ ಹೆಸರು ಬರೀ ಲಾನ್. ಹೆದ್ದಾರಿ ಪಕ್ಕದ ಶೂ ಫ್ಯಾಕ್ಟರಿಯಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೊಲಿಗೆ ಮಿಷನ್ನು ಕಲಿಸೋಕೆ ಎರಡು ವರ್ಷಕ್ಕೆಂದು ಬಂದವಳು. ಕದಿರಪ್ಪನ ಮನೆ ಮಹಡಿಗೆ ಬಾಡಿಗೆಗೆ ಬಂದ ವಾರದಲ್ಲೇ ಅವನ ಹೆಂಡತಿ ಆದಿಲಕ್ಷ್ಮಮ್ಮ ಆ ಹೆಸರಿಗೊಂದು ಅಮ್ಮ ಸೇರಿಸಿದಳು. ಫ್ಯಾಕ್ಟರಿಯ ತಮಿಳು, ಮನೆಯ ಕನ್ನಡ ಎರಡನ್ನೂ ಕಲಸಿ ಲಾನಮ್ಮ ಮಾತಿಗೆ ನಿಂತರೆ ಬೀದಿಯವರೆಲ್ಲ ಕೆಲಸ ಬಿಟ್ಟು ಕೇಳೋರು.

ಊಟದ ವಿಷಯದಲ್ಲಿ ಮಾತ್ರ ಅವಳದೊಂದು ವಿಚಿತ್ರ. ಆಳು ನೋಡಿದರೆ ಊದಿದರೆ ಹಾರಿಹೋಗೋ ಹಂಗೆ. ಮನೆಯಲ್ಲಿ ಒಂದು ಮುದ್ದೆ ಮುಗಿಸೋಕೆ ತಿಣುಕಾಡೋಳು. ಆದರೆ ಫ್ಯಾಕ್ಟರಿಗೆ ಕಟ್ಟೋ ಡಬ್ಬಿಗೆ ಮೊದಲ ವಾರದಿಂದಲೂ ಎರಡು ಮುದ್ದೆ ಬೇಕು. ಅಲ್ಲೇನು ನಿನಗೆ ಇನ್ನೊಂದು ಹೊಟ್ಟೆ ಹುಟ್ಟುತ್ತಾ ಅಂತ ಆದಿಲಕ್ಷ್ಮಮ್ಮ ಕಿಚಾಯಿಸಿದರೆ ನಕ್ಕುಬಿಡೋಳು.

ಇಬ್ಬರೂ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತ ಕೂತರು. ಕದಿರಪ್ಪ ಕೋಸಿನ ತೋಟಕ್ಕೆ ಹೋಗಿದ್ದ. ಅವಸರದ ಕೆಲಸ ಯಾವುದೂ ಇರಲಿಲ್ಲ, ಎಳೆ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಲಾನಮ್ಮ ಫೋನಿನಲ್ಲಿ ಮಗಳಿಗೆ ಹಿತುಕಿದ ಬೇಳೆ ತೋರಿಸಿ, ಇನ್ನು ಎರಡೇ ದಿನ ಅಂತ ಬೆರಳು ಎತ್ತಿದಳು.

ಬಂದ ಹೊಸದರಲ್ಲಿ ಆದಿಲಕ್ಷ್ಮಮ್ಮ ಅವಳನ್ನು ನೇರವಾಗಿಯೇ ಕೇಳಿದ್ದಳು, ಹೆತ್ತ ಮಗಳನ್ನ ಎರಡು ವರ್ಷ ಬಿಟ್ಟಿರೋಕೆ ನಿನಗೆ ಮನಸಾದರೂ ಹೆಂಗೆ ಬಂತು ಅಂತ. ಲಾನಮ್ಮ ಕಣ್ಣೊರೆಸಿಕೊಂಡು, ನಿಮಗೆಷ್ಟು ಮಕ್ಕಳು ಅಂದಳು. ಒಬ್ಬನೇ ಮಗ, ಅಂಬರೀಶ್ ಅಂತ, ಹೊಸೂರಲ್ಲಿ ಕೆಲಸಕ್ಕಿದ್ದಾನೆ ಅಂದು ಆದಿಲಕ್ಷ್ಮಮ್ಮ ಒಳಗೆ ಹೋಗಿದ್ದಳು.

ಹೇಳಿದ್ದು ಸುಳ್ಳು. ಮಗಳೂ ಒಬ್ಬಳಿದ್ದಳು, ಜಯಂತಿ. ಆರು ವರ್ಷದ ಹಿಂದೆ ಬೇರೆ ಜಾತಿಯ ಮುನೀಶನನ್ನು ಕಟ್ಟಿಕೊಂಡು ಡೆಂಕಣಿಕೋಟೆಗೆ ಹೋದಳು. ಅವಳ ಹೆಸರಿಗೆ ಎಳ್ಳುನೀರು ಬಿಟ್ಟೆ ಅಂತ ಕದಿರಪ್ಪ ಕೂಗಾಡಿದ. ಅವನದು ಸಿಟ್ಟು, ಮೂರು ತಿಂಗಳಿಗೆ ಇಳಿಯಿತು. ಹಠ ಹಿಡಿದು ಸಾಧಿಸಿದವಳು ಆದಿಲಕ್ಷ್ಮಮ್ಮ. ಮದುವೆಯಾದ ವರ್ಷಕ್ಕೆ ಜಯಂತಿ ಒಬ್ಬಳೇ ಬಂದು ಬಾಗಿಲು ತಟ್ಟಿದಾಗ ಕಿಟಕಿಯಿಂದ ನೋಡಿ ಅಗಳಿ ಹಾಕಿದ್ದು ಇವಳೇ. ಆಮೇಲೆ ಮಗಳು ಎಲ್ಲಿ ಏನು ಮಾಡುತ್ತಿದ್ದಾಳೆ ಅಂತ ಯಾರನ್ನೂ ಕೇಳಲಿಲ್ಲ, ಹೆಸರೂ ಎತ್ತಲಿಲ್ಲ.

ಮಧ್ಯಾಹ್ನ ಹಿತುಕಿದಬೇಳೆ ಸಾರಿನಲ್ಲಿ ಮುದ್ದೆ ಉಂಡು ಇಬ್ಬರೂ ಒಂದು ನಿದ್ದೆ ತೆಗೆದರು. ಎದ್ದ ಮೇಲೆ ಆದಿಲಕ್ಷ್ಮಮ್ಮ ಟ್ರಂಕು ತೆಗೆದಳು. ಎರಡು ವರ್ಷ ಮನೆ ಮಗಳ ಹಂಗೆ ಇದ್ದವಳನ್ನು ಬರಿ ಮಡಿಲಲ್ಲಿ ಕಳಿಸೋಕಾಗುತ್ತಾ? ತಳದಲ್ಲಿ ಕೆಂಪಂಚಿನ ಹಸಿರು ಸೀರೆ ಇತ್ತು. ಜಯಂತಿಯನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬೋಕೆ ಅಂತ ಮುಂಚೆಯೇ ತೆಗೆದಿಟ್ಟಿದ್ದು. ಹುಳ ತಿನ್ನೋ ಬದಲು ಯಾರಾದರೂ ಉಡಲಿ ಅಂದುಕೊಂಡಳು.

ನೈಟಿ ಹಾಕಿದವಳಿಗೆ ಸೆರಗೆಲ್ಲಿಂದ ಬರಬೇಕು? ಆ ಸೀರೆಯನ್ನೇ ನೈಟಿ ಮೇಲೆ ಸುತ್ತಿ, ಮಣೆ ಮೇಲೆ ಪೂರ್ವಕ್ಕೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಸೆರಗಿಗೆ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆ ಅಡಿಕೆ ತುಂಬಿದಳು. ಗಂಡನ ಮನೆಗೆ ಹೊರಟ ಹೆಣ್ಣಿಗೆ ತವರಲ್ಲಿ ಹಿಂಗೆ ತುಂಬಿ ಕಳಿಸ್ತೀವಿ ಅಂತ ವಿವರಿಸೋಕೆ ಬಾಯಿ ತೆಗೆದಳು. ಅಷ್ಟರಲ್ಲಿ ಲಾನಮ್ಮ ಸೆರಗಿಂದ ಒಂದು ಹಿಡಿ ಅಕ್ಕಿ ತೆಗೆದು ಮೊರಕ್ಕೆ ಹಾಕಿದಳು. ಇನ್ನೊಂದು ಹಿಡಿ. ಮತ್ತೊಂದು ಹಿಡಿ. ಮೂರಕ್ಕೆ ನಿಲ್ಲಿಸಿದಳು.

ಮಡಿಲಕ್ಕಿ ಪಡೆದ ಮಗಳು ತವರು ಬರಿದಾಗದಿರಲಿ ಅಂತ ಮೂರು ಹಿಡಿ ವಾಪಸು ಹಾಕಿ ಹೋಗೋದು ಈ ಮನೆಯ ಪದ್ಧತಿ. ಅದನ್ನು ಆದಿಲಕ್ಷ್ಮಮ್ಮ ಇನ್ನೂ ಹೇಳಿರಲಿಲ್ಲ.

"ನಿಂಗ್ಯಾರೇ ಇದ ಹೇಳ್ಕೊಟ್ಟೋರು?"

ಲಾನಮ್ಮ ಸೀರೆಯ ಕೆಂಪಂಚನ್ನು ಬೆರಳಲ್ಲಿ ಸವರಿದಳು. "ಜಯಂತಿ," ಅಂದಳು.

ಒಂದು ಸಲ ಬಾಯಿಬಿಟ್ಟವಳು ಎಲ್ಲ ಹೇಳಿದಳು. ಜಯಂತಿ ಡೆಂಕಣಿಕೋಟೆಯಿಂದ ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತ, ಫ್ಯಾಕ್ಟರಿಯಲ್ಲಿ ಅವಳ ಲೈನಿನಲ್ಲೇ ಹೊಲಿಗೆಗಿದ್ದಾಳೆ. ಬಾಡಿಗೆ ಮನೆ ಹುಡುಕುವಾಗ, ಸೂಳಗಿರಿಯಲ್ಲಿ ಒಂದು ಮಹಡಿ ಖಾಲಿಯಿದೆ, ಅಲ್ಲಿನ ಅಮ್ಮನ ಕೈ ಅಡುಗೆ ಚೆನ್ನಾಗಿರುತ್ತೆ ಅಂದವಳು ಅವಳೇ. ಮನೆಯಲ್ಲಿ ಉಸಿರೆತ್ತಬೇಡ ಅಂತ ಆಣೆ ಇಡಿಸಿಕೊಂಡಿದ್ದಳು. ಡಬ್ಬಿಯ ಎರಡನೇ ಮುದ್ದೆ ಅವಳದು. ಅಮ್ಮ ತನಗೆಂದು ಟ್ರಂಕಿನ ತಳದಲ್ಲಿಟ್ಟ ಕೆಂಪಂಚಿನ ಹಸಿರು ಸೀರೆಯ ವಿಷಯವನ್ನೂ ಹೇಳಿದ್ದಳಂತೆ. ಹೋದ ವಾರ, ಅಮ್ಮ ನಿನಗೆ ಮಡಿಲು ತುಂಬದೆ ಕಳಿಸಲ್ಲ, ಮೂರು ಹಿಡಿ ವಾಪಸು ಹಾಕೋದು ಮರೀಬೇಡ ಅಂತ ಕ್ಯಾಂಟೀನಿನಲ್ಲಿ ಕೂತು ಕಲಿಸಿದಳಂತೆ.

ಆದಿಲಕ್ಷ್ಮಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಒಂದು ಕಾಳು ಅಕ್ಕಿ ಕೊಡದೆ ಅಗಳಿ ಹಾಕಿದ ಮನೆ ಬರಿದಾಗಬಾರದು ಅಂತ ಆ ಮಗಳು ಯೋಚಿಸಿದ್ದಳು. ಮಗಳನ್ನು ಹೆಂಗೆ ಬಿಟ್ಟು ಬಂದೆ ಅಂತ ಈ ಹೆಂಗಸನ್ನು ತಾನು ಯಾವ ಬಾಯಲ್ಲಿ ಕೇಳಿದ್ದೆ ಅಂತ ನೆನಪಾಗಿ ನಾಚಿಕೆಗೆ ಕಿವಿ ಬಿಸಿಯಾಯಿತು. ಅದೆಲ್ಲ ಗೊತ್ತಿದ್ದೂ ಲಾನಮ್ಮ ದಿನಾ ನಗುತ್ತ ಡಬ್ಬಿ ಇಸಕೊಂಡಿದ್ದಳು.

ಆದಿಲಕ್ಷ್ಮಮ್ಮ ಮೊರದ ಅಕ್ಕಿಯಲ್ಲಿ ಕೈಯಾಡಿಸುತ್ತ, ಊಟದ ಬಗ್ಗೆ ಅವಳು ಏನಾದರೂ ಅಂತಿದ್ದಳಾ ಅಂತ ಕೇಳಿದಳು. ಲಾನಮ್ಮ ಹೇಳಿದಳು: ದೀಪಾವಳಿ ಆದಾಗಿಂದ ಉಪ್ಪು ಕಮ್ಮಿಯಾಗಿದೆ, ಅಮ್ಮನಿಗೆ ಬೀಪಿ ಬಂತಾ ನೋಡು, ಮಾತ್ರೆ ನುಂಗ್ತಾಳಾ ನೋಡು ಅಂತ ಪೀಡಿಸುತ್ತಾಳೆ. ಬೀಪಿ ಬಂದಿದ್ದು ನಿಜ. ಉಪ್ಪು ಇಳಿಸು ಅಂತ ಡಾಕ್ಟರು ಹೇಳಿದ್ದು ದೀಪಾವಳಿ ಹಿಂದೆಮುಂದೆಯೇ. ಅದೇ ಸಾರು ಉಣ್ಣೋ ಗಂಡ ಗಮನಿಸಿರಲಿಲ್ಲ, ಮಗ ಕೇಳಿರಲಿಲ್ಲ.

"ನನ್ ಬಗ್ಗೆ ಏನೇಳಿದ್ದೀಯಾ ಅವಳ್ಗೆ?"

ಲಾನಮ್ಮ ಸೆರಗಿನ ಅಕ್ಕಿಯನ್ನು ಒಟ್ಟುಮಾಡಿಕೊಂಡಳು.

"ದಿನಾ ಕೇಳ್ತಾಳೆ ಅಮ್ಮ. ಅಮ್ಮ ನನ್ನ ಹೆಸರು ಹೇಳ್ತಾಳಾ, ಅಂತ. ನಾನು, ದಿನಾ ಹೇಳ್ತಾಳೆ ಅಂತೀನಿ." ಅಷ್ಟು ಹೇಳಿ ತಲೆ ತಗ್ಗಿಸಿದಳು. "ಸುಳ್ಳು ಹೇಳಿದೆ. ಬೈಬೇಡ."

ಲಾನಮ್ಮ ಅಕ್ಕಿ ಬೆಲ್ಲವನ್ನು ಟವೆಲಿಗೆ ಸುರಿದುಕೊಂಡಳು. ಸೀರೆ ಬಿಚ್ಚಿ, ಮಡಿಕೆ ಮೇಲೆ ಮಡಿಕೆ ಕೂರಿಸಿ ಮಡಚಿ ಮಣೆ ಮೇಲಿಟ್ಟಳು. ಇದು ನನ್ನದಲ್ಲ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ.

ಹೊತ್ತು ಇಳಿಯುವಾಗ ಕದಿರಪ್ಪ ತೋಟದಿಂದ ಬಂದ. ಹೆಂಡತಿ ಮತ್ತೆ ಸೇರು ಹಿಡಿದು ಮೊರದ ಮುಂದೆ ಕೂತಿದ್ದಳು, ಪಕ್ಕದಲ್ಲಿ ಹಸಿರು ಸೀರೆ. ಲಾನಮ್ಮನ ಹಣೆಯ ಕುಂಕುಮ, ಟವೆಲಿನ ಗಂಟು ನೋಡಿ, ಇವಳಿಗೆ ಆಗಲೇ ತುಂಬಿದ್ದೀಯಲ್ಲ, ಇದು ಯಾರಿಗೆ ಅಂದ. ಅವಳು ಹೇಳೋಕೆ ಹೋದಳು. ಆರು ವರ್ಷ ಆಡದ ಹೆಸರು ನಾಲಗೆ ಮೇಲೆ ಹೊರಳಲಿಲ್ಲ. ಸೀರೆಯನ್ನು ಮೊರದ ಹತ್ತಿರಕ್ಕೆ ಎಳೆದುಕೊಂಡಳು.

"ಜಯಂತೀಗೆ. ಲಾನಮ್ಮನ್ ಲೈನಾಗೇ ಅವ್ಳೆ. ನಾಳೆ ಊಟದ್ ಹೊತ್ಗೆ ಡಬ್ಬಿ ನಾನೇ ತಕ್ಕೊಂಡು ಗೇಟ್‌ತಾವ್ಕೆ ಓಯ್ತೀನಿ."

ಕದಿರಪ್ಪ ಹೆಗಲ ಟವೆಲಿನಿಂದ ಮುಖ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತ. ಅವಳು ಇಸಕೊಳ್ತಾಳಾ ಅಂದ.

"ನಾನಾಗಿದ್ರೆ ಇಸ್ಕೊತಿರ್ಲಿಲ್ಲ," ಅಂದು ಆದಿಲಕ್ಷ್ಮಮ್ಮ ಅಕ್ಕಿ ಅಳೆಯತೊಡಗಿದಳು.