ಸ್ವರ್ಣಲತಾ ಸಿಸ್ಟರ್ ಒತ್ತಿ ನೋಡಿದ್ದು

ವರ್ತಕ ನಗರದ ಸ್ವರ್ಣಲತಾ ಸಿಸ್ಟರ್ ಆಪರೇಷನ್ ಥಿಯೇಟರಿನಲ್ಲೇ ಇಪ್ಪತ್ತೆರಡು ವರ್ಷ ಸವೆಸಿದವರು. 2014ರಲ್ಲಿ ನವಿ ಮುಂಬಯಿಯ ಅವರ ಆಸ್ಪತ್ರೆಗೆ ರೋಬೋಟ್ ಬಂದದ್ದೇ ತಡ, ಎಲ್ಲರ ಬಾಯಲ್ಲೂ ಅದರದೇ ಜಪ. ರೋಬೋಟ್ ಮಾರಿದ ಕಂಪನಿಯಿಂದ ಬಂದ ಜಯೇಶನಂತೂ ಅದರ ನಾಲ್ಕು ತೋಳುಗಳನ್ನು ಹೊಸ ಅಳಿಯನ ಹಾಗೆ ಉಪಚರಿಸುತ್ತಿದ್ದ. ಯಂತ್ರದ ಕೆಲಸಕ್ಕೆ ಚಿಕ್ಕ ವಯಸ್ಸಿನ ನರ್ಸುಗಳೇ ಸಾಕೆಂದು ಅವನು ಬರೆದುಕೊಟ್ಟ. ಸೋಮವಾರದಿಂದ ಸಿಸ್ಟರ್ ವಾರ್ಡಿಗೆ ಎಂದು ಮೇಲಿನವರು ತೀರ್ಮಾನಿಸಿದರು.

ಶನಿವಾರ ಅವರ ಕೊನೆಯ ಆಪರೇಷನ್. ಸಾನಪಾಡಾದಲ್ಲಿ ಹೋಟೆಲ್ ನಡೆಸುವ ತಾರಾನಾಥರ ಮೂತ್ರಪಿಂಡದಲ್ಲಿ ಗಡ್ಡೆ. ಡಾಕ್ಟರ್ ಸಂದೇಶ ಮೂಲೆಯ ಕನ್ಸೋಲಿನಲ್ಲಿ ತಲೆ ಹುದುಗಿಸಿ ಕೂತು ರೋಬೋಟಿನ ತೋಳುಗಳನ್ನು ಆಡಿಸುತ್ತಿದ್ದರು. ಎಲ್ಲವೂ ಅವರಿಗೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು, ಆದರೆ ಯಾವುದು ಗಟ್ಟಿ ಯಾವುದು ಮೆತ್ತಗೆ ಎಂಬುದು ಬೆರಳಿಗೆ ತಿಳಿಯುತ್ತಿರಲಿಲ್ಲ. ರಕ್ತ ಹೀರುವ ಉದ್ದನೆಯ ಕೊಳವೆಯನ್ನು ಹೊಟ್ಟೆಯೊಳಗೆ ಇಳಿಸಿ, ರೋಗಿಯ ಪಕ್ಕದಲ್ಲಿ ಹಿಡಿದು ನಿಂತವರು ಸಿಸ್ಟರ್.

ಗಡ್ಡೆ ಕತ್ತರಿಸುವ ಮುನ್ನ ರಕ್ತನಾಳವನ್ನು ಕ್ಲಿಪ್ಪಿನಿಂದ ಅದುಮಬೇಕು. ಡಾಕ್ಟರು ಜಾಗ ಗುರುತಿಸಿದರು. ಅಷ್ಟರಲ್ಲಿ ಕೊಳವೆಯ ತುದಿ ನಾಳಕ್ಕೆ ತಗುಲಿತು, ಸಿಸ್ಟರಿಗೆ ಅಂಗೈಯಲ್ಲೇ ಗೊತ್ತಾಯಿತು.

"ಡಾಕ್ಟ್ರೇ, ಸ್ವಲ್ಪ ನಿಲ್ಲಿ. ಅಲ್ಲಿ ಗಟ್ಟಿ ಉಂಟು."

"ಸ್ಕ್ರೀನ್ ಪೆ ಸಬ್ ಕ್ಲಿಯರ್ ಹೈ, ಸಿಸ್ಟರ್," ಎಂದ ಜಯೇಶ್, ಪರದೆಯಲ್ಲಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆಯಲ್ಲ ಎಂಬಂತೆ.

ತಪ್ಪಾದರೆ ಇಷ್ಟು ವರ್ಷದ ಮಾನ ಮಣ್ಣುಪಾಲು ಎಂದು ಅವರಿಗೆ ಗೊತ್ತಿತ್ತು. ಆದರೂ ಜಗ್ಗಲಿಲ್ಲ.

"ಇನ್ನೊಮ್ಮೆ ಮೆಲ್ಲ ಒತ್ತಿ ಹೇಳಿ," ಎಂದರು ಡಾಕ್ಟರು.

ಸಿಸ್ಟರ್ ಒತ್ತಿದರು. "ಸುಣ್ಣ ಕಟ್ಟಿದ ಹಾಗೆ ಉಂಟು. ಅಲ್ಲಿ ಅದುಮಿದ್ರೆ ಒಡೀತದೆ. ಒಂದು ಬೆರಳು ಹಿಂದೆ ಹಾಕಿ, ಅಲ್ಲಿ ಮೆತ್ತಗುಂಟು."

ಡಾಕ್ಟರು ಸುತ್ತಲಿನ ಕೊಬ್ಬನ್ನು ಬಿಡಿಸಿ ನೋಡಿದರು. ನಾಳದ ಹಿಂಬದಿಯಲ್ಲಿ ಬಿಳಿ ಚಕ್ಕೆ ಕಂಡಿತು. ಕ್ಲಿಪ್ಪನ್ನು ಸಿಸ್ಟರ್ ಹೇಳಿದಲ್ಲೇ ಹಾಕಿದರು. ಗಡ್ಡೆ ತೆಗೆದು ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಹೊರಗೆ ಕಾದಿದ್ದ ತಾರಾನಾಥರ ಹೆಂಡತಿ ವಿಮಲಾ ಕೈಮುಗಿದರು. "ಎಲ್ಲ ನಿಮ್ಮ ಕೈಗುಣ, ಡಾಕ್ಟ್ರೇ."

"ನನ್ನ ಕೈ ಇವತ್ತು ಅವರನ್ನು ಮುಟ್ಟಲೇ ಇಲ್ಲ ಅಮ್ಮ," ಎಂದು ಸಂದೇಶ ಸಿಸ್ಟರನ್ನು ಮುಂದಕ್ಕೆ ಕರೆದರು. "ಮುಟ್ಟಿ ನೋಡಿ ಉಳಿಸಿದ್ದು ಇವರು. ಸೋಮವಾರ ಇವರು ಪಕ್ಕದಲ್ಲಿ ನಿಂತರೆ ಮಾತ್ರ ನಾನು ಆ ಯಂತ್ರದ ಮುಂದೆ ಕೂರೋದು. ಆಫೀಸಿಗೂ ಹೇಳಿ ಬಂದಿದ್ದೇನೆ."

ವಿಮಲಾ ಸಿಸ್ಟರ ಎರಡೂ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಸ್ವರ್ಣಲತಾಗೆ ಹೆಮ್ಮೆಯಿಂದ ಎದೆ ಉಬ್ಬಿತು. ಅದನ್ನು ಮುಚ್ಚಿಡುವ ಗೋಜಿಗೂ ಅವರು ಹೋಗಲಿಲ್ಲ.