ಹಗೇವಿನೊಳಗಿನ ದನಿ

ಮಲ್ಲಿಪಟ್ಟಣದ ಈಶ್ವರಯ್ಯನವರ ಮಗಳು ಪ್ರೇಮಕುಮಾರಿಗೆ ಆಗ ಹನ್ನೊಂದು ವರ್ಷ. ಯುದ್ಧದ ಕಾಲ. ಸರ್ಕಾರದವರು ರಾಗಿಯನ್ನು ಲೆವಿಗೆ ಕೊಂಡೊಯ್ದ ಮೇಲೆ ಹಿತ್ತಲ ಹಗೇವು ಖಾಲಿ ಬಿದ್ದಿತ್ತು. ನೆಲದೊಳಗೆ ಗಡಿಗೆಯಂತೆ ತೋಡಿದ ಆ ಕಣಜದ ಬಾಯಿ ಒಬ್ಬರು ಇಳಿಯುವಷ್ಟೇ ಅಗಲ. ಒಳಗೆ ಎರಡಾಳು ಆಳ. ಅದರಲ್ಲೊಬ್ಬ ಹೆಂಗಸಿದ್ದಾಳೆ, ಹೆಸರು ಹಿಡಿದು ಕರೆಯುತ್ತಾಳೆ, ಓಗೊಟ್ಟರೆ ಒಳಗೆಳೆದುಕೊಳ್ಳುತ್ತಾಳೆ ಎಂದು ಊರ ಮಕ್ಕಳೆಲ್ಲ ನಂಬಿದ್ದರು. ದೊಡ್ಡವರೂ ನಂಬಿದ್ದರು.

ಒಂದು ಮಧ್ಯಾಹ್ನ ಕರುವನ್ನು ಅಟ್ಟಿಸಿಕೊಂಡು ಬಂದ ಹುಡುಗಿ, ಹಗೇವಿಗೆ ಮುಚ್ಚಿದ್ದ ಗೆದ್ದಲು ತಿಂದ ಹಲಗೆಯ ಮೇಲೆ ಕಾಲಿಟ್ಟಳು. ಹಲಗೆ ಮುರಿಯಿತು.

ಬಿದ್ದ ಪೆಟ್ಟಿಗೆ ಪಾದ ಉಳುಕಿತು. ಕೈಯಾಡಿಸಿದ ಕಡೆಯೆಲ್ಲ ಹಿಡಿತಕ್ಕೆ ಸಿಗದ ನುಣುಪು ಗೋಡೆ, ಮುಗ್ಗಲು ವಾಸನೆ. ತಲೆಯ ಮೇಲೆ ರೊಟ್ಟಿಯಗಲದ ಆಕಾಶ. "ಅವ್ವಾ!" ಎಂದು ಕೂಗಿದಳು. ದನಿ ಗೋಡೆಗೆ ಬಡಿದು, ದಪ್ಪವಾಗಿ, ಮುದುಕಿಯೊಬ್ಬಳ ಗೋಳಿನಂತೆ ಹಿಂತಿರುಗಿತು. ತನ್ನದೇ ಎಂದು ಗೊತ್ತಿದ್ದೂ ಮೈ ಜುಮ್ಮೆಂದಿತು.

ಮೇಲೆ ಆಳು ಚೆಲುವಯ್ಯನ ಕೆಮ್ಮು ಕೇಳಿಸಿತು. "ಚೆಲುವಯ್ಯಾ! ಚೆಲುವಯ್ಯಾ!"

"ಅಯ್ಯೋ, ನನ್ನೆಸ್ರು ಇಡ್ದು ಕರೀತದೆ ಕಣ್ರಪ್ಪೋ!" ಅವನು ಓಡಿದ ಸದ್ದು.

ಜನ ಸೇರಿದರು. ಹುಡುಗಿ ಕೆರೆ ಕಡೆ ಹೋಗಿದ್ದಾಳೆಂದೇ ಮನೆಯವರು ತಿಳಿದಿದ್ದರು. ಇವಳು ಕೂಗಿದಷ್ಟೂ ಅವರು ದೂರ ಸರಿದರು. ಕೊನೆಗೆ ಚೆಲುವಯ್ಯ ಹೇಳಿದ್ದು ಕಿವಿಗೆ ಬಿತ್ತು: "ಅಲ್ಗೆ ಮುರ್ಕೊಂಡು ಈಚೆಗ್ ಬರಕ್ ನೋಡ್ತೈತೆ. ಬಾಯ್ಗೆ ಚಪ್ಡಿ ಎಳ್ದುಬುಡಾನ."

ಕಲ್ಲು ಜರುಗತೊಡಗಿತು. ರೊಟ್ಟಿ ಅರ್ಧವಾಯಿತು, ಕಾಲಾಯಿತು. "ನಾನು ಪ್ರೇಮಾ" ಎನ್ನಲೇ? ದೆವ್ವವೂ ಹಾಗೇ ಅಲ್ಲವೇ ಹೇಳುವುದು? ಹೆದರಿಕೆಗೆ ಕಿಬ್ಬೊಟ್ಟೆ ಹಿಂಡುತ್ತಿತ್ತು. ಅಳುತ್ತಲೇ, ಮೆಲ್ಲಗೆ, ಇದ್ದದ್ದನ್ನೇ ಹೇಳಿದಳು: "ನಂಗೆ ಉಚ್ಚೆ ಬತ್ತೈತೆ."

ಕಲ್ಲು ನಿಂತಿತು.

"ಲೇ ಚೆಲುವ," ಎಂದಿತು ಸೋದರತ್ತೆ ರೇವಮ್ಮನ ದನಿ. ಬೆಕ್ಕು ಅಡ್ಡ ಬಂದರೂ ಮನೆಗೆ ಮರಳುವ ಪುಕ್ಕಲು ಹೆಂಗಸು ಅವಳು. "ದೆವ್ವಕ್ಕೆ ಎಲ್ಲಾದ್ರೂ ಉಚ್ಚೆ ಬತ್ತದೇನ್ಲಾ? ತೆಗಿಯೋ ಕಲ್ನ! ನಮ್ ಮಗೀನೇ ಕಣ್ಲಾ!"

ಉಳಿದವರು ಇನ್ನೂ ಅನುಮಾನಿಸುತ್ತಿದ್ದಾಗ ರೇವಮ್ಮನೇ ಬಾವಿಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು, ಶಿವ ಶಿವಾ ಎಂದು ನಡುಗುತ್ತ ಇಳಿದಳು. ಕತ್ತಲಲ್ಲಿ ಹುಡುಗಿಯ ಮುಖ ತಡವಿ, "ಬೆಚ್ಗವ್ಳೆ!" ಎಂದು ಮೇಲಕ್ಕೆ ಕೂಗಿದಳು. ಆಮೇಲೆ ತಾನೂ ಅತ್ತಳು.

ಮರುದಿನವೇ ಈಶ್ವರಯ್ಯ ಹಗೇವಿಗೆ ಮಣ್ಣು ತುಂಬಿಸಿದರು. ಚೆಲುವಯ್ಯ ಕಣ್ಣೀರು ಹಾಕಿಕೊಂಡು ಪ್ರೇಮಕುಮಾರಿಯ ಎದುರು ನಿಂತ. ಆದರೆ ಅವಳು ಎಷ್ಟೋ ತಿಂಗಳು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಲಾರದೆ ಹೋದಳು. ಮಳೆ ಬಂದರೂ ಜಗಲಿಯೇ ಬೇಕು, ಕೈಗೆ ರೇವಮ್ಮನ ಸೆರಗು ಬೇಕು.